ಯಾವ ದೋಷವೂ ಕಂಡುಬಂದಿಲ್ಲ

ಯಾವ ದೋಷವೂ ಕಂಡುಬಂದಿಲ್ಲ ಎಂಬ ಸಾಲು ತೆರೆಯ ಮೇಲೆ ಮೂಡಿದಾಗ ಸುಗುಣನ್ ಚಹಾದ ಗ್ಲಾಸಿನ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದ. ಮಧ್ಯಾಹ್ನ ಎರಡು ಗಂಟೆ. ಕೋಳಿಕ್ಕೋಡಿನ ಆ ಕಟ್ಟಡದ ಮೆಟ್ಟಿಲಿನ ಕೆಳಗೆ ಅವನ ಅಂಗಡಿ. ಎದ್ದು ನಿಂತರೆ ತಲೆ ತಾಗುವಷ್ಟು ಜಾಗ, ಮೇಲೆ ಹತ್ತಿಳಿಯುವವರ ಚಪ್ಪಲಿ ಸದ್ದು ನೆತ್ತಿಯ ಮೇಲೆಯೇ ಬಿದ್ದಂತೆ ಕೇಳುತ್ತಿತ್ತು. ಹೊಸ ಡಿಸ್ಕು ಚೆನ್ನಾಗಿದೆ, ಇನ್ನು ಹಳೆಯದರಲ್ಲಿರುವುದನ್ನು ಇದಕ್ಕೆ ಇಳಿಸಿಕೊಟ್ಟರಾಯಿತು ಎಂದುಕೊಂಡು ಕೈ ಚಾಚಿದ. ಮೇಜಿನ ಮೇಲೆ ಎರಡು ಡಿಸ್ಕುಗಳು ಅಕ್ಕಪಕ್ಕ ಮಲಗಿದ್ದವು, ಒಂದೇ ಕಂಪನಿಯವು, ಒಂದೇ ಅಳತೆಯವು. ಬಲಗಡೆಯ ಹೊಸದನ್ನು ಮುಟ್ಟಿದ. ಅದು ಉಗುರುಬೆಚ್ಚಗಿತ್ತು ಅಷ್ಟೆ. ಮೂರು ಗಂಟೆ ಕೆಲಸ ಮಾಡಿದ್ದು ಹೀಗಿರುವುದಿಲ್ಲ. ಕೈ ತಾನಾಗಿಯೇ ಎಡಕ್ಕೆ ಸರಿಯಿತು. ಗಾಯಕ್ಕೆ ಹಚ್ಚುವ ಪಟ್ಟಿಯ ತುಂಡು ಅಂಟಿಸಿ ಅದರ ಮೇಲೆ ನೀಲಿ ಶಾಯಿಯಲ್ಲಿ ‘ಹಾಡುಗಳು’ ಎಂದು ಬರೆದಿದ್ದ ನಿವೃತ್ತ ಮೇಷ್ಟ್ರು ಕಣಾರನ್ ಮಾಷರ ಡಿಸ್ಕು ಬೆರಳು ಇಡಲಾಗದಷ್ಟು ಸುಡುತ್ತಿತ್ತು.

ಅವನಿಗೆ ತಕ್ಷಣ ಗಾಬರಿಯಾಗಲಿಲ್ಲ. ಮೊದಲು ಹೊಳೆದದ್ದು ರಿಜೇಶನ ಮುಖ. ಬೆಳಿಗ್ಗೆ ಹತ್ತೂವರೆಗೆ ಮೇಲಿನ ಮಹಡಿಯಿಂದ ಇಳಿದುಬಂದು ಗಲ್ಲಾಪೆಟ್ಟಿಗೆಗೆ ಮೊಣಕೈ ಊರಿ, ಸುತ್ತ ನಾಲ್ಕು ಜನ ಇರುವಾಗಲೇ, “ಸುಗುಣೇಟ್ಟಾ, ಆ ಬೋರ್ಡಿನಲ್ಲಿ ಅಳಿಸಿದ್ದನ್ನ ಮರಳಿ ತೆಗೆದುಕೊಡ್ತೀವಿ ಅಂತ ಇನ್ನೂ ಯಾಕೆ ಬರೆಸ್ಕೊಂಡಿದ್ದೀರಿ? ಜನ ಗೊತ್ತಿಲ್ದೆ ಇಲ್ಲಿಗೆ ಬಂದು ಆಮೇಲೆ ನನ್ನತ್ರ ಅಳ್ತಾರೆ” ಎಂದಿದ್ದ. ನಕ್ಕೇ ಹೇಳಿದ್ದ. ಹನ್ನೆರಡು ವರ್ಷದ ಹಿಂದೆ ಇದೇ ಮೇಜಿನ ಈ ತುದಿಯಲ್ಲಿ ಕೂತು ತಿರುಪು ಬಿಚ್ಚುವುದನ್ನು ಕಲಿತವನಿಗೆ ಈಗ ಮೇಲೆ ಸ್ವಂತ ಅಂಗಡಿ, ಗಾಜಿನ ಬಾಗಿಲು, ಧೂಳು ಬಾರದ ಕೋಣೆ, ಬಿಳಿ ಕೈಗವಸು. ಸುಗುಣನ್ ಕಂಪ್ಯೂಟರಿನ ಕಡೆ ತಿರುಗಿದ್ದ. ಅದು ನಿಂತುಹೋಗಿತ್ತು, ಮತ್ತೆ ಶುರು ಮಾಡಿದ್ದ. ಮತ್ತೆ ಶುರುವಾದಾಗ ಡಿಸ್ಕುಗಳ ಸಂಖ್ಯೆ ಅದಲುಬದಲಾಗುವುದುಂಟು, ಒಂದು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಇದನ್ನು ರಿಜೇಶನಿಗೆ ಮೊದಲ ವಾರದಲ್ಲೇ ಕಲಿಸಿದವನು ಅವನೇ. ಆದರೆ ಆ ಹೊತ್ತಿನಲ್ಲಿ ಅವನ ತಲೆಯೊಳಗೆ ರಿಜೇಶನಿಗೆ ಕೊಡಬೇಕಾಗಿದ್ದ ಉತ್ತರ ತಯಾರಾಗುತ್ತಿತ್ತು: ನಿನ್ನ ಗಾಜಿನ ಬಾಗಿಲು ಒರೆಸೋದಕ್ಕೆ ನನ್ನ ಹಳೇ ಅಂಗಿ ಬೇಕಾ ಕೇಳು. ಅಲ್ಲ, ಇನ್ನೂ ಹರಿತವಾದದ್ದು. ಕೈ ಒಂದನೇ ನಂಬರನ್ನು ಆರಿಸಿತು. ಇದ್ದ ಭಾಗವನ್ನು ತೆಗೆದುಹಾಕಿತು. ಹೊಸ ಡಿಸ್ಕುಗಳೂ ಕಾರ್ಖಾನೆಯಿಂದ ಒಂದು ಭಾಗ ಮಾಡಿಕೊಂಡೇ ಬರುತ್ತವಲ್ಲ, ಅನುಮಾನ ಬರಲಿಲ್ಲ. ಮಾಷ್ ಕೇಳಿದ್ದಂತೆ ಎರಡು ಭಾಗ ಮಾಡಿತು, ಹಾಡಿಗೊಂದು, ಬರಹಕ್ಕೊಂದು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ ಎಂದು ಯಂತ್ರ ಕೇಳಿತು. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಹೌದು ಎಂದ.

ಅವಸರದ ಫಾರ್ಮ್ಯಾಟು ಮಾಡಿದ್ದರೆ ಉಳಿಯುತ್ತಿತ್ತು. ಅದರಲ್ಲಿ ಹಳೆಯದು ಅಳಿಯುವುದಿಲ್ಲ, ಹೆಸರುಪಟ್ಟಿ ಮಾತ್ರ ಹರಿದುಹೋಗುತ್ತದೆ. ತಾಳ್ಮೆಯಿದ್ದವನು ಮತ್ತೆ ಹೆಕ್ಕಿ ತೆಗೆಯಬಹುದು. ಆದರೆ ಅವಸರದ ಫಾರ್ಮ್ಯಾಟು ಎಂದರೆ ಸುಗುಣನ್‌ಗೆ ಆಗದು, ಅದು ರಿಜೇಶನಂಥವರ ಕೆಲಸ. ತಟ್ಟೆಯ ಈ ಅಂಚಿನಿಂದ ಆ ಅಂಚಿನವರೆಗೆ ಪ್ರತಿ ಕಣದ ಮೇಲೂ ಸೊನ್ನೆ ಬರೆದು, ಮತ್ತೆ ಓದಿ, ಎಲ್ಲಿ ಹುಳುಕಿದೆ ಎಂದು ಹುಡುಕದೆ ಅವನು ಯಾರಿಗೂ ಡಿಸ್ಕು ಕೊಟ್ಟವನಲ್ಲ. ಆ ಹೆಮ್ಮೆಯೊಂದೇ ಉಳಿದಿತ್ತು. ಈಗ ಕಂಪ್ಯೂಟರಿನಲ್ಲಿ ಹೆಕ್ಕುವ ಸಾಧನವನ್ನು ತೆರೆದು ಡಿಸ್ಕಿನ ಒಳಗನ್ನು ನೇರವಾಗಿ ನೋಡಿದ. ಸೊನ್ನೆ. ಕೆಳಗೆ ಇಳಿಸಿದ. ಸೊನ್ನೆ, ಸೊನ್ನೆ, ನಟ್ಟ ನಡುವೆ ಹೋದ, ಕೊನೆಗೆ ಹೋದ, ಸಾಲು ಸಾಲಾಗಿ ಸೊನ್ನೆಗಳು, ಒಂದೂ ಸಾಲು ತಪ್ಪಿರಲಿಲ್ಲ. ಎಷ್ಟು ಶುದ್ಧವಾಗಿ ಮಾಡಿದ್ದೇನೆ ಎಂದು ಒಳಗೆ ಯಾರೋ ಹೇಳಿದ ಹಾಗಾಯಿತು.

ಇನ್ನೂರ ಹನ್ನೆರಡು ಹಾಡು. ಮೊನ್ನೆ ಕಣಾರನ್ ಮಾಷ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, ಎಪ್ಪತ್ತಾರರ ಕೈಗಳನ್ನು ಅದರ ಮೇಲಿಂದ ತೆಗೆಯದೆ, ನಿಂತೇ ಹೇಳಿದ್ದರು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಹಾಡುತ್ತಿದ್ದ ಹಾಡುಗಳು. ಮಾಸ್ತರಿಕೆ ಮಾಡುತ್ತಲೇ ಮೂವತ್ತು ವರ್ಷ ಗದ್ದೆ ಅಂಚಿನಲ್ಲಿ ಕೂತು ಕ್ಯಾಸೆಟ್ಟಿಗೆ ತುಂಬಿಸಿದ್ದು. “ಮೂವತ್ತೆಂಟು ಜನ ಹಾಡಿದ್ರು. ಒಬ್ಬಳೂ ಉಳಿದಿಲ್ಲ. ಗದ್ದೆಯೂ ಇಲ್ಲ ಬಿಡು, ಮಣ್ಣು ತುಂಬಿದ್ದಾರೆ.” ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಕರಗಿಹೋಗುವ ಮುಂಚೆ ಮಗಳು ಷೈಮ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿ, ಪದಗಳನ್ನು ಕೇಳಿ ಕೇಳಿ ಅದರಲ್ಲೇ ಬರೆದು, ಆರು ವರ್ಷ ಕೂತಿದ್ದಳು. ಈ ಮಾತನ್ನು ಜೊತೆಗೆ ಬಂದಿದ್ದ ಅವಳೇ ಮೆಲ್ಲಗೆ ಸೇರಿಸಿದ್ದಳು. ಮಾಷ್ ಆ ಮಾತನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಈಚೆಗೆ ಡಿಸ್ಕು ತೆರೆಯಲು ತುಂಬ ಹೊತ್ತು ಹಿಡಿಯುತ್ತದೆ, ಅದು ಸಾಯುವ ಮುಂಚೆ ಹೊಸದಕ್ಕೆ ಇಳಿಸಿಕೊಡು, ಮೇಲೆ ಹೋದರೆ ಆ ಹುಡುಗ ಇಂಗ್ಲಿಷಿನಲ್ಲಿ ಮಾತಾಡ್ತಾನೆ, ನೀನು ನಮ್ಮ ಕಡೆಯವನು ಎಂದಿದ್ದರು.

ಅವರು ಹೋದಮೇಲೆ ಸುಗುಣನ್ ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದು ಹಾಡು ಹಚ್ಚಿದ್ದ. ನೀರಿನ ಸದ್ದು, ಕಾಗೆ, ಆಮೇಲೆ ಹೊಗೆಸೊಪ್ಪು ಜಗಿದು ಒರಟಾದ ಹೆಣ್ಣುದನಿ. ಅರ್ಧ ನಿಮಿಷಕ್ಕೆ ನಿಲ್ಲಿಸಿಬಿಟ್ಟಿದ್ದ. ಅವನ ಅಮ್ಮ ಕೂಡ ಬೇರೆಯವರ ಗದ್ದೆಗೆ ಬಗ್ಗಿದವಳು. ಒಂಬತ್ತನೇ ತರಗತಿಯಲ್ಲಿರುವಾಗ ಮೇಲುಜಾತಿಯ ನಂಬಿಯಾರರ ಹುಡುಗನ ಜೊತೆ ಅಂಚಿನ ಮೇಲೆ ಬರುತ್ತಿದ್ದಾಗ ಅಮ್ಮ ಮಂಡಿವರೆಗೆ ಕೆಸರಿನಲ್ಲಿ ನಿಂತು “ಸುಗುಣಾ, ಗಂಜಿ ಮುಚ್ಚಿಟ್ಟಿದ್ದೀನಿ ಕಣೋ” ಎಂದು ಕೂಗಿದ್ದಳು. ಯಾರದು ಎಂದು ಹುಡುಗ ಕೇಳಿದ. ಗೊತ್ತಿಲ್ಲ, ಬೇರೆ ಯಾರನ್ನೋ ಕರೀತಿದ್ದಾಳೆ ಎಂದಿದ್ದ. ಅಮ್ಮ ಮತ್ತೆ ಕೂಗಲಿಲ್ಲ. ಬಗ್ಗಿ ಸಸಿ ಊರತೊಡಗಿದಳು. ಮನೆಯಲ್ಲೂ ಆ ಬಗ್ಗೆ ಒಂದು ಮಾತು ಎತ್ತಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತು.

ಹಳೆಯ ಡಿಸ್ಕಿಗೆ ಏನಾಗಿತ್ತೆಂದು ಈಗ ನೋಡುವ ಅಗತ್ಯವಿರಲಿಲ್ಲ. ಆದರೂ ಕೈ ಸುಮ್ಮನಿರಲಿಲ್ಲ. ಅದರ ತಂತಿಯನ್ನು ಬದಲಿಸಿ ನೋಡಿದ. ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ತಂತಿಯಷ್ಟೇ ಸಡಿಲವಾಗಿತ್ತು. ತಟ್ಟೆಯಲ್ಲಿ ಒಂದು ಹುಳುಕಿಲ್ಲ, ಯಂತ್ರವೇ ಮೂರು ಗಂಟೆ ತಡಕಿ ಹೇಳಿದೆಯಲ್ಲ. ಇಳಿಸುವುದೇ ಬೇಕಿರಲಿಲ್ಲ. ತಂತಿ ಬದಲಿಸಿ ಕೊಟ್ಟಿದ್ದರೆ ಮಾಷ್ ಈ ಹೊತ್ತಿಗೆ ಪಯ್ಯೋಳಿಯ ತಮ್ಮ ಮನೆಯ ಜಗುಲಿಯಲ್ಲಿ ಹಾಡು ಕೇಳುತ್ತಿರುತ್ತಿದ್ದರು.

ಅವರು ನಾಲ್ಕಕ್ಕೆ ಬರುವವರಿದ್ದರು. ಹೇಳಿಬಿಡುವುದು ಎಂದುಕೊಂಡ. ಮಾಷೇ, ನನ್ನ ಕೈಯಿಂದ ತಪ್ಪಾಯಿತು. ವಾಕ್ಯ ಸಣ್ಣದಿತ್ತು, ಬಾಯಲ್ಲಿ ಹೇಳಿಕೊಂಡು ನೋಡಿದ, ಸರಿಯಾಗಿಯೇ ಬಂತು. ಆದರೆ ಮಾಷ್ ಆ ಡಿಸ್ಕನ್ನು ತೆಗೆದುಕೊಂಡು ನೇರ ಮೇಲೆ ಹತ್ತುತ್ತಾರೆ. ರಿಜೇಶ್ ನೋಡುತ್ತಾನೆ. ಎರಡು ಭಾಗ, ಎರಡರಲ್ಲೂ ಸೊನ್ನೆ, ಅಳಿಸಿದ ಹೊತ್ತು ಸಮೇತ. ಸಂಜೆಯೊಳಗೆ ಕಟ್ಟಡದ ಮೂರು ಮಹಡಿಗೂ ಗೊತ್ತಾಗುತ್ತದೆ. ಚಹಾದವನು ಕೂಡ ಗ್ಲಾಸು ಇಡುವಾಗ ಬೇರೆ ಥರ ಇಡುತ್ತಾನೆ. ಸುಗುಣನ್ ಡಿಸ್ಕನ್ನು ಟವೆಲಿನ ಸಮೇತ ಅಂಗಿಯೊಳಗೆ ಸೇರಿಸಿಕೊಂಡು ಹಿಂದಿನ ಮೂತ್ರಿಖಾನೆಗೆ ಹೋಗಿ ಚಿಲಕ ಹಾಕಿದ. ನಲ್ಲಿಯನ್ನು ಪೂರ್ತಿ ಬಿಟ್ಟ. ಡಿಸ್ಕನ್ನು ಭುಜದ ಎತ್ತರದಿಂದ ಮೊಸಾಯಿಕ್ಕಿನ ನೆಲದ ಮೇಲೆ ಬಿಟ್ಟ. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಮತ್ತೆ ಬಿಟ್ಟ. ಮೂರನೆಯ ಸಲ ಬಿಡಲಿಲ್ಲ, ಎಸೆದ. ಮೂಲೆ ನಗ್ಗಿದರೆ ಗೊತ್ತಾಗುತ್ತದೆಂದು ಟವೆಲು ಸುತ್ತಿ ಎಸೆದಿದ್ದ, ಅವರದೇ ಟವೆಲು. ಬಂದು ತಂತಿ ಚುಚ್ಚಿದಾಗ ಒಳಗೆ ಗಡಿಯಾರದ ಹಾಗೆ ಟಕ್, ಟಕ್ ಎಂದು ಬಡಿಯಲು ಶುರುವಾಯಿತು. ಆಮೇಲೆ ಸೋಪು ಹಚ್ಚಿ ಕೈಯನ್ನು ಎರಡೆರಡು ಸಲ ತೊಳೆದುಕೊಂಡ.

“ಒಳಗೆ ಓದುವ ಮುಳ್ಳು ಬಿದ್ದುಹೋಗಿದೆ ಮಾಷೇ. ತಟ್ಟೆ ಗೀರಿದೆ. ನಾನು ಹಚ್ಚುವಾಗಲೇ ಹೀಗೆ ಸದ್ದು ಬರ್ತಿತ್ತು.” ಮಾಷ್ ಅರ್ಥವಾಗದವರ ಹಾಗೆ ನೋಡಿದರು. ಕೊಡೆಯನ್ನು ಗೋಡೆಗೆ ಆನಿಸಲು ಹೋದರು, ಅದು ಜಾರಿ ಬಿತ್ತು, ಮತ್ತೆ ಆನಿಸಿದರು. “ಹಾಡು?” ಎಂದರು. ಸುಗುಣನ್ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಇಂಥ ಹೊತ್ತಿನಲ್ಲಿ ಎಲ್ಲ ಗಿರಾಕಿಗಳಿಗೂ ಕೇಳುವ ಪ್ರಶ್ನೆಯನ್ನು, ಬಾಯಿಯ ಅಭ್ಯಾಸದಿಂದ, ಕೇಳಿಬಿಟ್ಟ: “ಎಲ್ಲಾದ್ರೂ ಬಿದ್ದಿತ್ತಾ?”

ಪಕ್ಕದಲ್ಲಿ ನಿಂತಿದ್ದ ಷೈಮಳ ಮುಖದಿಂದ ಬಣ್ಣ ಇಳಿಯುವುದನ್ನು ಅವನು ನೋಡಿದ. ಆಕೆಗೆ ಮೂವತ್ತೆಂಟೋ ನಲವತ್ತೋ. ಹೆಗಲ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಹತ್ತು ದಿನದ ಹಿಂದೆ” ಎಂದಳು. “ಕಪಾಟು ಒರೆಸುವಾಗ. ಒಂದೇ ಸಲ, ಅಚ್ಛಾ” ಎಂದು ಅಪ್ಪನ ಕಡೆ ತಿರುಗಿದಳು.

“ನನಗೆ ಹೇಳಲಿಲ್ಲ.”

“ಆಮೇಲೂ ತೆರೀತಿತ್ತು. ಹಾಡು ಬರ್ತಿತ್ತು.”

“ನನಗೆ ಹೇಳಲಿಲ್ಲ ನೀನು.” ಮಾಷ್ ದನಿ ಎತ್ತರಿಸಲಿಲ್ಲ. ಸ್ಟೂಲಿನ ಮೇಲೆ ಕೂತು, ತರಗತಿಯಲ್ಲಿ ದಡ್ಡ ಹುಡುಗಿಗೆ ಹೇಳುವ ಹಾಗೆ ಬಿಡಿಬಿಡಿಸಿ ಹೇಳಿದರು. “ನಿನ್ನ ಕೈಗೆ ಕೊಟ್ಟದ್ದು ಯಾವುದು ಉಳಿದಿದೆ ಹೇಳು? ಅಮ್ಮನ ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟೆಯಾ? ಗಂಡನ ಮನೆಯಲ್ಲಿ ಎರಡು ವರ್ಷ ನಿಂತೆಯಾ? ವಾಪಸು ಬಂದಾಗ ನಾನು ಏನಾದ್ರೂ ಕೇಳಿದೆನಾ? ಇದೊಂದನ್ನ ನೋಡ್ಕೋ ಅಂದೆ.” ಮೆಟ್ಟಿಲು ಇಳಿಯುತ್ತಿದ್ದ ಇಬ್ಬರು ಅಲ್ಲೇ ನಿಂತರು. “ನೀನು ಕಪಾಟು ಒರೆಸಿದ್ದಲ್ಲ ಷೈಮೇ. ನನ್ನನ್ನೇ ಒರೆಸಿ ಹಾಕಿದೆ.” ಆಕೆ ಅಳಲಿಲ್ಲ. ತಪ್ಪನ್ನು ಕೈಗೆ ಕೊಟ್ಟರೆ ಎರಡೂ ಕೈ ಚಾಚಿ ಇಸಿದುಕೊಳ್ಳುವವಳ ಹಾಗೆ ನಿಂತಿದ್ದಳು. ಈಗ ಹೇಳಬೇಕು ಎಂದು ಸುಗುಣನ್‌ಗೆ ಅನಿಸಿತು. ಈ ಇಬ್ಬರು ಹೋಗಲಿ. ಅವರು ಹೋದರು. ಮಾಷ್ ಉಸಿರು ತೆಗೆದುಕೊಳ್ಳಲಿ. ತೆಗೆದುಕೊಂಡರು. ಅವಳು ಬೀಳಿಸಿದ್ದಂತೂ ನಿಜ ತಾನೇ ಎಂಬ ಯೋಚನೆ ಬಂತು. ಬಂದದ್ದೇ ಎದೆಯಲ್ಲಿ ಚಾಪೆ ಹಾಸಿ ಕೂತುಬಿಟ್ಟಿತು.

ಮಾಷ್ ಮೇಲೆ ಹತ್ತಿಯೇ ಹತ್ತಿದರು. ಸುಗುಣನ್ ಅವರ ಮೊಣಕೈ ಹಿಡಿದು ಕರೆದೊಯ್ದ. ರಿಜೇಶ್ ಡಿಸ್ಕನ್ನು ಕಿವಿಗೆ ಇಟ್ಟು ಟಕ್ ಟಕ್ ಕೇಳಿದ. ಗಾಜಿನ ಕೋಣೆಗೆ ಒಯ್ದು ಮುಚ್ಚಳ ತೆಗೆದು ನೋಡಿ ಬಂದ. “ಸುಗುಣೇಟ್ಟನ್ ಹೇಳಿದ್ದೇ ಸರಿ ಸರ್. ತಟ್ಟೆ ಉದ್ದಕ್ಕೂ ಗೀರಿದೆ. ಯಾರ ಕೈಯಲ್ಲೂ ಆಗಲ್ಲ” ಎಂದ. ಆಮೇಲೆ ಸುಗುಣನ್ ಕಡೆ ತಿರುಗಿ, “ಬೆಳಿಗ್ಗೆ ಹೇಳಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಸದ್ದು ಕೇಳಿಯೇ ಗುರುತು ಹಿಡಿದ್ರಲ್ಲ. ಈಗ ಯಾರಿಗೆ ಬರುತ್ತೆ ಅದು” ಎಂದು ಕುರ್ಚಿ ಎಳೆದುಕೊಟ್ಟ. ಆ ಅಂಗಡಿಯಲ್ಲಿ ಅವನು ಕೂತದ್ದು ಅದೇ ಮೊದಲು. ಕುರ್ಚಿ ಮೆತ್ತಗಿತ್ತು. ತನಗೆ ಸುಖವಾಗುತ್ತಿದೆ ಎಂಬುದು ಅವನ ಗಮನಕ್ಕೆ ಬಂತು.

ಹದಿನೈದು ದಿನ ಕಳೆದಮೇಲೆ ಷೈಮ ಒಬ್ಬಳೇ ಬಂದಳು. ಹಳೆಯ ಮೊಬೈಲಿನಲ್ಲಿ ನಾಲ್ಕು ಹಾಡು ಸಿಕ್ಕಿವೆ, ಅದನ್ನು ಬೇರೆಯದಕ್ಕೆ ಇಳಿಸಿಕೊಡಿ ಎಂದಳು. ಸೊರಗಿದ್ದಳು. ಅವನು ತಂತಿ ಹುಡುಕುತ್ತ ಮಾಷ್ ಹೇಗಿದ್ದಾರೆ ಎಂದು ಕೇಳಿದ.

“ನನ್ನ ಕೈಯಡುಗೆ ಉಣ್ಣಲ್ಲ. ಪಕ್ಕದ ಮನೆ ಜಾನು ಅಕ್ಕನ ಹತ್ರ ತರಿಸ್ಕೊಂಡು ತಿಂತಾರೆ. ನಾನು ಕೋಣೆಗೆ ಹೋದ್ರೆ ಎದ್ದು ಹೊರಗೆ ಹೋಗ್ತಾರೆ.” ಮೊಬೈಲನ್ನು ಅವನ ಕಡೆ ಸರಿಸುತ್ತ ಕೇಳಿದಳು. “ಚೇಟ್ಟಾ, ಒಂದು ಕೇಳ್ಲಾ? ಅದು ಬಿದ್ದದ್ದು ಹಾಸಿಗೆ ಮೇಲೆ. ಹತ್ತಿಯ ಹಾಸಿಗೆ. ಅಲ್ಲಿಂದ ಕೆಳಗೆ ಬೀಳಲಿಲ್ಲ. ಹಾಗೆ ಬಿದ್ರೂ ಮುಳ್ಳು ಮುರಿಯುತ್ತಾ?”

ಅವಳ ಕಣ್ಣಿನಲ್ಲಿ ಅನುಮಾನವಿರಲಿಲ್ಲ. ಬರೀ ತಿಳಿದುಕೊಳ್ಳಬೇಕೆಂಬ ಆಸೆ ಇತ್ತು, ಅದನ್ನು ಎದುರಿಸುವುದು ಕಷ್ಟ. ಮುರಿಯಲ್ಲ ಎಂದರೆ ಸಾಕಿತ್ತು. ಒಂದೇ ಪದ. ಮಿಕ್ಕದ್ದು ತಾನಾಗಿಯೇ ಉರುಳಿ ಬರುತ್ತಿತ್ತು.

“ಮುರಿಯುತ್ತೆ” ಎಂದ. “ಒಮ್ಮೊಮ್ಮೆ ಒಳಗೆ ಸೂಕ್ಷ್ಮ ಇರುತ್ತೆ.”

“ಹೌದಾ” ಎಂದು ಅವಳು ತಲೆಯಾಡಿಸಿದಳು. ನಾಲ್ಕು ಹಾಡುಗಳನ್ನು ಇಳಿಸಿಕೊಟ್ಟ. ಹೋಗುವಾಗ ಅವಳು, ನಿಮಗೂ ತೊಂದರೆ ಕೊಟ್ಟೆ ಎಂದಳು. ಅವತ್ತಿನಿಂದ ಅವನಿಗೆ ಅನ್ನ ಸೇರದಾಯಿತು. ಹೆಂಡತಿ ತಟ್ಟೆಯಲ್ಲಿ ಬಿಟ್ಟದ್ದನ್ನು ನೋಡಿ, “ಮೀನು ಕೆಟ್ಟಿದೆಯಾ?” ಎಂದು ಮೂಸಿ ನೋಡಿದಳು. ಮೀನು ಚೆನ್ನಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಅಂಗಡಿಯ ಬಾಗಿಲನ್ನು ಅರ್ಧ ತೆಗೆದು ಒಳಗೆ ಹೋಗಿ ಕಂಪ್ಯೂಟರಿನ ದಾಖಲೆಯನ್ನು ಹುಡುಕಿದ. ಆವತ್ತಿನ ತಪಾಸಣೆಯ ವರದಿ ಅಲ್ಲೇ ಇತ್ತು: ಡಿಸ್ಕಿನ ಕ್ರಮಸಂಖ್ಯೆ, ತಾರೀಕು, ಮಧ್ಯಾಹ್ನ ಒಂದು ಐವತ್ತೆಂಟು, ಯಾವ ದೋಷವೂ ಕಂಡುಬಂದಿಲ್ಲ. ಒಂದು ಹಾಳೆಗೆ ಅಚ್ಚು ಹಾಕಿ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಬಾಯಿ ತಪ್ಪಿದರೆ ಕಾಗದ ಹೇಳುತ್ತದೆ. ಪಯ್ಯೋಳಿಗೆ ಬಸ್ಸು ಹಿಡಿದ. ದಾರಿಯುದ್ದಕ್ಕೂ ಅವನಿಗೆ ತಾನು ದೊಡ್ಡವನಾಗುತ್ತಿದ್ದೇನೆ ಎನಿಸುತ್ತಿತ್ತು. ಮಾಷ್ ಹೊಡೆಯಬಹುದು, ಹೊಡೆಸಿಕೊಳ್ಳುವುದು, ಷೈಮ ಉಗುಳಬಹುದು, ಒರೆಸಿಕೊಳ್ಳುವುದು. ಕಲ್ಪಿಸಿಕೊಂಡಷ್ಟೂ ಹಗುರವಾಗುತ್ತಿತ್ತು.

ಮಾಷ್ ಜಗುಲಿಯಲ್ಲಿ ಒಣ ತೆಂಗಿನಗರಿ ಸೀಳುತ್ತ ಕೂತಿದ್ದರು. ಸುಗುಣನ್ ಕೂರಲಿಲ್ಲ. ನಿಂತೇ ಹೇಳಿದ. “ಮಾಷೇ, ನಿಮ್ಮ ಡಿಸ್ಕು ಚೆನ್ನಾಗೇ ಇತ್ತು. ಹೊಸದು ಅಂದ್ಕೊಂಡು ನಾನೇ ಫಾರ್ಮ್ಯಾಟ್ ಮಾಡಿಬಿಟ್ಟೆ. ಎಲ್ಲ ಅಳಿಸಿಹೋಯ್ತು. ಆಮೇಲೆ ಹೆದರಿ ನಾನೇ ನೆಲಕ್ಕೆ ಎಸೆದು ಒಡೆದೆ. ಷೈಮ ಏನೂ ಮಾಡಿಲ್ಲ.”

ಮಾಷರ ಕತ್ತಿ ನಿಂತಿತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರ ಮುಖ ಸಡಿಲಿತು, ಅವನು ನಿರೀಕ್ಷಿಸದ ಒಂದು ಮೆದು ನಗು ಬಂತು.

“ಅವಳು ಕಳಿಸಿದಳಾ?”

“ಇಲ್ಲ ಮಾಷೇ.”

“ಮೊನ್ನೆ ನಿನ್ನ ಅಂಗಡಿಗೆ ಬಂದಿದ್ದಳು. ಜಾನು ಹೇಳಿದಳು ನಂಗೆ.”

“ಅದು ಬೇರೆ ಕೆಲಸಕ್ಕೆ. ನಾನು ನಿಜ ಹೇಳ್ತಿದ್ದೀನಿ.”

“ಮೂವತ್ತೊಂದು ವರ್ಷ ಮಕ್ಕಳ ಮುಂದೆ ನಿಂತಿದ್ದೀನಿ ಸುಗುಣಾ. ಬೇರೆಯವರ ತಪ್ಪು ಮೈಮೇಲೆ ಎಳ್ಕೊಳ್ಳೋ ಹುಡುಗ ಹೇಗೆ ನಿಲ್ತಾನೆ ಅಂತ ಗೊತ್ತಿಲ್ವಾ ನಂಗೆ? ಮೇಲಿನ ಹುಡುಗ ಮುಚ್ಚಳ ತೆಗೆದು ನೋಡಿ ಹೇಳಿದ್ದಾನೆ. ಬಿದ್ದೇ ಹಾಳಾದ್ದು ಅಂತ ಅವಳೇ ಒಪ್ಪಿದ್ದಾಳೆ.” ಎದ್ದು ಬಂದು ಅವನ ಭುಜ ಹಿಡಿದರು. “ನಿನ್ನ ಮನಸ್ಸು ದೊಡ್ಡದು. ಕೆಲಸದವನು ತನ್ನ ಕೆಲಸದ ಮೇಲೇ ಕೆಸರು ಹಾಕ್ಕೊಳ್ಳೋಕೆ ಬಂದ್ಯಲ್ಲ. ನಿನ್ನ ತಾಯಿ ಪುಣ್ಯವಂತೆ.” ಆಮೇಲೆ ಒಳಗಿನ ಕಡೆ ತಿರುಗಿ, ಮೂರು ವಾರದಲ್ಲಿ ಮೊದಲ ಸಲ ಮಗಳ ಜೊತೆ ಮಾತಾಡಿದರು. “ಕೇಳಿಸ್ತಾ? ಬೀಳಿಸಿದ್ದು ಸಾಲದೂಂತ ಈ ಪಾಪದವನ ಬಾಯಲ್ಲಿ ಸುಳ್ಳು ಹೇಳಿಸೋಕೂ ಕಲಿತೆ. ನಾಚಿಕೆಯಾಗಲ್ವಾ ನಿಂಗೆ? ಅವನಿಗೊಂದು ಕಟ್ಟನ್ ಚಾಯ ತಂದುಕೊಡು.”

ಜೇಬಿನಲ್ಲಿದ್ದ ಕಾಗದ ಅವನ ಎದೆಗೆ ಒತ್ತುತ್ತಿತ್ತು. ತೆಗೆಯಬೇಕು. ಬಿಡಿಸಬೇಕು. ಮಾಷರ ಕನ್ನಡಕ ಕಿಟಕಿಯ ಮೇಲಿದೆ, ಕೈಗೆ ಕೊಡಬೇಕು, ಕ್ರಮಸಂಖ್ಯೆಯ ಮೇಲೆ ಬೆರಳಿಡಬೇಕು. ಮಾಷರ ಅಂಗೈ ಅವನ ಭುಜದ ಮೇಲೆ ಬೆಚ್ಚಗಿತ್ತು. ಅವನಿಗೆ ನಲವತ್ತಾರು ವರ್ಷ. ಮನಸ್ಸು ದೊಡ್ಡದು ಎಂದು ಯಾರೂ ಇಲ್ಲಿಯವರೆಗೆ ಅವನಿಗೆ ಹೇಳಿರಲಿಲ್ಲ. ನಾನು ಹೇಳಿದ್ದೇನೆ ಎಂದುಕೊಂಡ. ಹೇಳುವುದು ನನ್ನ ಕೆಲಸ, ನಂಬುವುದು ಅವರದು. ಸ್ಟೂಲು ಎಳೆದುಕೊಂಡು ಕೂತ.

ಷೈಮ ಹಾಲಿಲ್ಲದ ಚಹಾ ತಂದಿಟ್ಟಳು, ತಲೆ ಎತ್ತಲಿಲ್ಲ. ಅವನು ಕುಡಿದು ಎದ್ದಾಗ ಗೇಟಿನವರೆಗೆ ಬಂದಳು. ಅಲ್ಲಿ, ಮಾಷರಿಗೆ ಕೇಳಿಸದಷ್ಟು ಮೆಲ್ಲಗೆ, ಅವನ ಕಣ್ಣನ್ನೇ ನೋಡುತ್ತ ಕೇಳಿದಳು.

“ನೀವು ಹೇಳಿದ್ದು ನಿಜಾನಾ ಚೇಟ್ಟಾ? ಅಚ್ಛ ನಂಬದಿದ್ರೆ ಬೇಡ. ನನಗೊಬ್ಬಳಿಗೆ ಹೇಳಿ ಸಾಕು. ನಾನು ಯಾರಿಗೂ ಹೇಳಲ್ಲ.”

ರಸ್ತೆಯಲ್ಲಿ ಮೀನಿನವನು ಸೈಕಲ್ಲಿನ ಗಂಟೆ ಬಾರಿಸುತ್ತ ಹೋದ. ಅವನು ದಾಟಿಹೋಗುವವರೆಗೆ ಸುಗುಣನ್ ಕಾದ.

“ಇಲ್ಲ ಮಗಳೇ” ಎಂದ. “ನಿನ್ನ ಕಷ್ಟ ನೋಡೋಕಾಗದೆ ಹಾಗೆ ಹೇಳ್ದೆ.”

ಅವಳ ಹೆಗಲುಗಳು ಇಳಿದವು. ಏನೋ ಹಿಡಿದುಕೊಂಡಿದ್ದದ್ದನ್ನು ನೆಲಕ್ಕೆ ಇಟ್ಟ ಹಾಗೆ. “ನಂಗೊತ್ತಿತ್ತು” ಎಂದಳು. “ಇನ್ನು ಮೇಲೆ ನನಗೋಸ್ಕರ ಸುಳ್ಳು ಹೇಳ್ಬೇಡಿ. ನಿಮ್ಮಂಥವರು ಹೇಳಬಾರದು.” ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕಣ್ಣು ಒದ್ದೆಯಾಗಿತ್ತು.

ಬಸ್‌ಸ್ಟ್ಯಾಂಡಿನ ಎದುರು ಮೀನು ಕರಿಯುವ ವಾಸನೆ ಬರುತ್ತಿತ್ತು. ಸುಗುಣನ್‌ಗೆ ಹಸಿವಾಯಿತು. ಒಳಗೆ ಹೋಗಿ ಕೂತು ಊಟ ಹೇಳಿದ. ಕುಸುಬಲಕ್ಕಿ ಅನ್ನದ ಮೇಲೆ ಕೆಂಪು ಸಾರು ಸುರಿಸಿಕೊಂಡು, ಬಂಗುಡೆಯ ಮುಳ್ಳನ್ನು ಒಂದೊಂದಾಗಿ ಬಿಡಿಸಿಟ್ಟು, ತಲೆ ಎತ್ತದೆ ಉಂಡ. ಬಡಿಸುವವನು ಬಂದು ಇನ್ನೂ ಹಾಕಲಾ ಎಂದು ಕೇಳಿದಾಗ ತಟ್ಟೆಯನ್ನು ಅವನತ್ತ ಸರಿಸಿದ.